ಗಾಲಿ ಕುರ್ಚಿಯ ಬಿಲ್ಲು ಯಾರ ಹೆಸರಿಗೆ?

(ಸಂಘದ ತಿಂಗಳ ಸಭೆಯಲ್ಲಿ, ರಾತ್ರಿ ಪಾಳಿಯ ಕೆಲಸಗಾರರಿಗಾಗಿ ಮಾಡಿದ ಭಾಷಣ)



ಈ ದಿನ ನಾವು ಆರಿಸಿಕೊಂಡಿರುವ ವಿಷಯ ಕೇಳುವುದಕ್ಕೆ ಕೊಂಚ ಒಣ ವಿಷಯವೆಂದು ತೋರಬಹುದು. ಅಮೆರಿಕ ದೇಶದ ಶುಶ್ರೂಷಾಲಯಗಳಲ್ಲಿ ಮಲಗಿರುವ ವೃದ್ಧರು ಬಳಸುವ ಗಾಲಿ ಕುರ್ಚಿ, ಮಂಚ, ಆಮ್ಲಜನಕದ ಯಂತ್ರ ಮೊದಲಾದ ಸಲಕರಣೆಗಳ ಹಣವನ್ನು ಯಾರು ತೆರಬೇಕು, ಅವುಗಳ ಬಿಲ್ಲನ್ನು ಯಾರು ಯಾರಿಗೆ ಕಳಿಸಬೇಕು ಎಂಬುದೇ ಆ ವಿಷಯ. ಮುಂಬಯಿಯ ಕನ್ನಡ ಕೆಲಸಗಾರರ ಸಭೆಗೂ ಇದಕ್ಕೂ ಏನು ಸಂಬಂಧ ಎಂದು ಹಿರಿಯರು ಕೇಳಿಯಾರು. ಸಂಬಂಧ ನಮ್ಮ ಮನೆಗಳಲ್ಲಿಯೇ ಇದೆ.

ಒಂದು ಕಾಲಕ್ಕೆ ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ಸಂಜೆ ಕೈ ತೊಳೆದುಕೊಂಡು ಕನ್ನಡ ರಾತ್ರಿ ಶಾಲೆಗಳ ಬೆಂಚಿನ ಮೇಲೆ ಕುಳಿತು ಅಕ್ಷರ ಕಲಿತವರು ನಮ್ಮ ಹಿರಿಯರು. ಅವರ ಮಕ್ಕಳು, ಮೊಮ್ಮಕ್ಕಳು ಈಗ ಹಗಲು ನಿದ್ರಿಸಿ ರಾತ್ರಿ ಕೆಲಸಕ್ಕೆ ಹೋಗುತ್ತಾರೆ. ಅಂಧೇರಿ, ಮಲಾಡ್, ಐರೋಲಿ ಕಡೆಯ ಕಚೇರಿಗಳಲ್ಲಿ ಕುಳಿತು ಅಮೆರಿಕದ ಆಸ್ಪತ್ರೆ, ಶುಶ್ರೂಷಾಲಯ, ಸಲಕರಣೆ ಅಂಗಡಿಗಳ ಬಿಲ್ಲುಗಳನ್ನು ಬರೆಯುತ್ತಾರೆ. ತಿರುಗಿ ಬಂದ ಬಿಲ್ಲುಗಳ ಬೆನ್ನು ಹತ್ತುತ್ತಾರೆ. 'ಮೆಡಿಕಲ್ ಬಿಲ್ಲಿಂಗ್' ಎಂದು ಆ ಕೆಲಸಕ್ಕೆ ಹೆಸರು. ಬೆಂಗಳೂರು, ಚೆನ್ನೈ, ಹೈದರಾಬಾದು, ಪುಣೆಗಳಲ್ಲಿಯೂ ನಮ್ಮವರು ಇದೇ ಕೆಲಸದಲ್ಲಿದ್ದಾರೆ. ಪಾಳಿ ಮುಗಿಯುವುದರೊಳಗೆ ಇಷ್ಟು ಬಿಲ್ಲು ಮುಗಿಸಬೇಕೆಂಬ ಲೆಕ್ಕವನ್ನು ಎಲ್ಲರೂ ಹೇಳಿಕೊಡುತ್ತಾರೆ. ಆ ಬಿಲ್ಲಿನ ಹಿಂದೆ ಇರುವ ಮನುಷ್ಯನು ಯಾರು, ನಿಯಮ ಏಕೆ ಬಂತು ಎಂದು ಹೇಳಿಕೊಡುವವರು ಕಡಮೆ. ಆ ಕೊರತೆಯನ್ನು ಕೊಂಚವಾದರೂ ತುಂಬಬೇಕೆಂಬುದೇ ನಮ್ಮ ಉದ್ದೇಶ.

ಮೊದಲು, ಈ ಹಣ ಯಾರದು ಎಂಬುದನ್ನು ನೋಡೋಣ. ಅಮೆರಿಕದಲ್ಲಿ 65 ವರ್ಷ ದಾಟಿದವರಿಗೆ ಮತ್ತು ಕೆಲವು ಬಗೆಯ ಅಂಗವಿಕಲರಿಗೆ ಸರ್ಕಾರವು ನಡೆಸುವ ಆರೋಗ್ಯ ವಿಮೆಗೆ ಮೆಡಿಕೇರ್ ಎಂದು ಹೆಸರು. 1965ರ ಜುಲೈ 30ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ನರು ಆ ಕಾಯಿದೆಗೆ ಸಹಿ ಹಾಕಿದರು. ಅದಕ್ಕಾಗಿ ಹಿಂದೆ ಹೋರಾಡಿ ಸೋತಿದ್ದ ಮಾಜಿ ಅಧ್ಯಕ್ಷ ಹ್ಯಾರಿ ಟ್ರೂಮನ್ನರ ಊರಿಗೇ ಹೋಗಿ ಸಹಿ ಹಾಕಿ, ಮೊದಲನೆಯ ಚೀಟಿಯನ್ನು ಅವರಿಗೇ ಕೊಟ್ಟರು. 1966ರ ಜುಲೈ 1ರಿಂದ ಯೋಜನೆ ಜಾರಿಗೆ ಬಂತು. ಅದರ 'ಎ ಭಾಗ'ವು ಆಸ್ಪತ್ರೆಯ ವಾಸಕ್ಕೆ. 'ಬಿ ಭಾಗ'ವು ವೈದ್ಯರ ಶುಲ್ಕ, ಹೊರರೋಗಿಗಳ ಚಿಕಿತ್ಸೆ, ಮನೆಯಲ್ಲಿ ಬಳಸುವ ಸಲಕರಣೆಗಳಿಗೆ. ಎ ಭಾಗದ ಹಣ ಎಲ್ಲಿಂದ ಬರುತ್ತದೆ? ಅಲ್ಲಿಯ ಪ್ರತಿಯೊಬ್ಬ ಕೆಲಸಗಾರನ ಸಂಬಳದಿಂದ ನೂರಕ್ಕೆ 1.45ರಂತೆ ಮುರಿದುಕೊಳ್ಳುತ್ತಾರೆ, ಮಾಲಿಕನು ಅಷ್ಟನ್ನೇ ತನ್ನ ಕೈಯಿಂದ ಸೇರಿಸಬೇಕು. ನಮ್ಮ ಗಿರಣಿ, ಕಾರ್ಖಾನೆಗಳಲ್ಲಿ ಇ.ಎಸ್.ಐ.ಗೆ ಕೆಲಸಗಾರನೂ ಮಾಲಿಕನೂ ಕೊಡುತ್ತ ಬಂದಿಲ್ಲವೆ, ಅದರ ಅಣ್ಣತಮ್ಮ ಎನ್ನಿ. ಆದ್ದರಿಂದ ನಮ್ಮ ತರುಣರು ಯಂತ್ರದ ಮುಂದೆ ಕುಳಿತು ಬರೆಯುವ ಎ ಭಾಗದ ಡಾಲರು ಬಹುಮಟ್ಟಿಗೆ ಅಲ್ಲಿಯ ಡ್ರೈವರನ, ಬಾಣಸಿಗನ, ಗಿರಣಿಯವನ ಸಂಬಳದಿಂದ ಮುರಿದದ್ದು. ಅದು ಯಾರ ಅಪ್ಪನ ಗಂಟೂ ಅಲ್ಲವೆಂದು ತಿಳಿಯಬಾರದು.

ಇನ್ನು 'ಸ್ಕಿಲ್ಡ್ ನರ್ಸಿಂಗ್ ಫೆಸಿಲಿಟಿ' ಎಂದರೇನು? ನಾವು ಇಲ್ಲಿ ನರ್ಸಿಂಗ್ ಹೋಂ ಎಂದು ಕರೆಯುವ ಸಣ್ಣ ಆಸ್ಪತ್ರೆಯಲ್ಲ ಅದು. ದೊಡ್ಡ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮುಗಿದಿದೆ. ಆದರೂ ಮನೆಗೆ ಹೋಗುವಷ್ಟು ಶಕ್ತಿ ಬಂದಿಲ್ಲ. ದಿನವೂ ನರ್ಸಿನ ಆರೈಕೆ ಅಥವಾ ನಡೆಯುವ ಅಭ್ಯಾಸ ಮಾಡಿಸುವವರ ಸಹಾಯ ಬೇಕು. ಅಂಥವರು ಕೆಲವು ವಾರ ಇರುವ ಶುಶ್ರೂಷಾಲಯ ಅದು. ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಸತತ ಮೂರು ದಿನವಾದರೂ ಇದ್ದವರಿಗೆ ಎ ಭಾಗವು ಈ ವಾಸದ ಖರ್ಚನ್ನು ಒಂದು ಸರತಿಗೆ 100 ದಿನಗಳವರೆಗೆ ವಹಿಸಿಕೊಳ್ಳುತ್ತದೆ. 'ಪರಿವೀಕ್ಷಣೆ'ಯ ಹೆಸರಿನಲ್ಲಿ ಮಂಚದ ಮೇಲೆ ಮಲಗಿಸಿದ್ದ ದಿನಗಳು ಈ ಮೂರರಲ್ಲಿ ಸೇರುವುದಿಲ್ಲ. ಮೊದಲ 20 ದಿನ ರೋಗಿಯು ಕೈಯಿಂದ ಏನನ್ನೂ ಕೊಡಬೇಕಾಗಿಲ್ಲ. 21ನೆಯ ದಿನದಿಂದ ದಿನಕ್ಕೆ ಇಷ್ಟೆಂದು ಕೊಡಬೇಕು; 2025ರಲ್ಲಿ ಆ ಮೊತ್ತ 209 ಡಾಲರು 50 ಸೆಂಟು ಇತ್ತು. ಉಳಿದ 80 ದಿನವೂ ಇದ್ದವರಿಗೆ ಅದು 16,760 ಡಾಲರು ಆಗುತ್ತದೆ. ಪೆನ್ಶನ್ನಿನ ಮೇಲೆ ಬದುಕುವ ವೃದ್ಧರಿಗೆ ಇದು ಸಣ್ಣ ಹೊರೆಯಲ್ಲ. ಇದರ ಮೇಲೆ ಇನ್ನೊಂದು ತಪ್ಪು ಬಿಲ್ಲು ಬಂದು ಬಿದ್ದರೆ ಅವರ ಗತಿ ಏನು?

ಹಿಂದೆ ಹಾಗೆ ಬೀಳುವುದಕ್ಕೆ ಅವಕಾಶ ಬಹಳವಿತ್ತು. ಶುಶ್ರೂಷಾಲಯವು ತನ್ನ ಖರ್ಚಿನ ಲೆಕ್ಕ ಕೊಟ್ಟು ಎ ಭಾಗದಿಂದ ಹಣ ಪಡೆಯುತ್ತಿತ್ತು. ಹೊರಗಿನಿಂದ ಸಾಮಾನು ತಂದುಕೊಟ್ಟ ಅಂಗಡಿಯವನು ತನ್ನ ಬಿಲ್ಲನ್ನು ನೇರವಾಗಿ ಬಿ ಭಾಗಕ್ಕೆ ಕಳಿಸಬಹುದಾಗಿತ್ತು. ಒಂದೇ ರೋಗಿ, ಒಂದೇ ಮಂಚ, ಬಿಲ್ಲು ಮಾತ್ರ ಹಲವು ಬಾಗಿಲಿನಿಂದ. ಒಂದೇ ವಸ್ತುವಿಗೆ ಎರಡು ಕಡೆ ಹಣ ಸಂದಾಯವಾಗುವ ಭಯವೂ, ಬಿ ಭಾಗದ ಪಾಲೆಂದು ರೋಗಿಯು ಮತ್ತೆ ಕೈಯಿಂದ ತೆರುವ ಕಷ್ಟವೂ ಇದ್ದವು. 1997ರ ಆಗಸ್ಟಿನಲ್ಲಿ ಬಂದ ಸಮತೋಲ ಆಯವ್ಯಯದ ಕಾಯಿದೆಯು ಈ ಪದ್ಧತಿಯನ್ನು ಮುರಿಯಿತು. 1998ರ ಜುಲೈಯಿಂದ ಮೊದಲಾಗಿ, ಶುಶ್ರೂಷಾಲಯಗಳಿಗೆ ದಿನಕ್ಕೆ ಇಷ್ಟೆಂದು ಮೊದಲೇ ಗೊತ್ತುಮಾಡಿದ ಒಟ್ಟು ಮೊತ್ತವನ್ನು ಕೊಡುವ ಕ್ರಮ ಬಂತು. ಅದರ ಜೊತೆಯಲ್ಲಿಯೇ ಬಂದದ್ದು ನಮ್ಮ ತರುಣರು ದಿನವೂ ಕೇಳುವ 'ಕನ್ಸಾಲಿಡೇಟೆಡ್ ಬಿಲ್ಲಿಂಗ್', ಅಂದರೆ ಒಟ್ಟು ಬಿಲ್ಲಿನ ನಿಯಮ.

ನಿಯಮದ ತಿರುಳನ್ನು ನಮ್ಮ ಭಾಷೆಯಲ್ಲಿಯೇ ಹೇಳಬಹುದು. ಉಡುಪಿ ಹೋಟೆಲಿನಲ್ಲಿ ಪೂರ್ತಿ ಊಟದ ಚೀಟಿ ಕೊಂಡವನಿಗೆ ಅನ್ನ, ಸಾರು, ಪಲ್ಯ, ಮಜ್ಜಿಗೆ, ಉಪ್ಪಿನಕಾಯಿ ಎಲ್ಲವೂ ಆ ಚೀಟಿಯಲ್ಲಿಯೇ ಸೇರಿದೆ. ಊಟ ಮಾಡುತ್ತಿರುವವನ ಎಲೆಯ ಮುಂದೆ ತರಕಾರಿ ವ್ಯಾಪಾರಿ ಬಂದು ನಿಂತು, "ಸ್ವಾಮಿ, ನಿಮ್ಮ ಪಲ್ಯದ ಬೀನ್ಸು ನಮ್ಮದು, ಅದರ ಹಣ ಇತ್ತ ಕೊಡಿ" ಎಂದರೆ ಯಾರಾದರೂ ಒಪ್ಪುವರೆ? ವ್ಯಾಪಾರಿಯ ಲೆಕ್ಕ ಮಾಲಿಕನೊಡನೆ, ಉಣ್ಣುವವನೊಡನೆ ಅಲ್ಲ. ಎ ಭಾಗದ ವಾಸವೂ ಹಾಗೆಯೇ. ದಿನದ ಮೊತ್ತದಲ್ಲಿ ಕೊಠಡಿ, ಊಟ, ಶುಶ್ರೂಷೆ, ಔಷಧ, ಅಂಗಸಾಧನೆ, ಸಲಕರಣೆ ಎಲ್ಲವೂ ಸೇರಿವೆ. ಸಲಕರಣೆಯನ್ನು ಅಂಗಡಿಯಿಂದ ಬಾಡಿಗೆಗೆ ತಂದರೂ ಅಂಗಡಿಯವನು ಹಣ ಕೇಳಬೇಕಾದದ್ದು ಶುಶ್ರೂಷಾಲಯವನ್ನು. ಮೆಡಿಕೇರಿಗೂ ಅಲ್ಲ, ರೋಗಿಗೂ ಅಲ್ಲ.

ಚೀಟಿಯ ಹೊರಗಿನ ಪದಾರ್ಥಗಳೂ ಕೆಲವುಂಟು. ವೈದ್ಯರ ಸ್ವಂತ ಶುಲ್ಕ, ಮೂತ್ರಪಿಂಡ ಕೆಟ್ಟವರ ಡಯಾಲಿಸಿಸ್, ಕ್ಯಾನ್ಸರಿನ ಕೆಲವು ಔಷಧಗಳು, ಆಸ್ಪತ್ರೆಯಲ್ಲಿಯೇ ಆಗಬೇಕಾದ ಕೆಲವು ದೊಡ್ಡ ಪರೀಕ್ಷೆಗಳು ಇವುಗಳ ಬಿಲ್ಲು ಬೇರೆಯಾಗಿ ಹೋಗುತ್ತದೆ. 1999ರ ತಿದ್ದುಪಡಿಯಿಂದ, ಒಬ್ಬನ ಅಳತೆಗೆಂದೇ ಮಾಡಿಸಿದ ಕೃತಕ ಕಾಲು ಮುಂತಾದ ಕೆಲವು ಅಂಗಗಳೂ 2000ದ ಏಪ್ರಿಲಿನಿಂದ ಹೊರಗೆ ಬಂದವು. ಆದರೆ 'ಕೆಲವು' ಎಂಬ ಮಾತನ್ನು ಮರೆಯಬಾರದು. ಯಾವುದು ಒಳಗೆ, ಯಾವುದು ಹೊರಗೆ ಎಂಬುದನ್ನು ಸಂಕೇತ ಸಂಖ್ಯೆಯ ಪಟ್ಟಿಯಲ್ಲಿ ನೋಡಿಯೇ ತಿಳಿಯಬೇಕು. ಗಾಲಿ ಕುರ್ಚಿ, ವಾಕರ್, ಕಮೋಡು, ಆಸ್ಪತ್ರೆಯ ಮಂಚ, ಬೆನ್ನುಹುಣ್ಣಾಗದಂತೆ ಹಾಸುವ ವಿಶೇಷ ಹಾಸಿಗೆ, ಗಾಯದ ಕೀವನ್ನು ಹೀರುವ ಪಂಪು, ಆಮ್ಲಜನಕದ ಯಂತ್ರ ಇವು ಹೊರಗಿನ ಪಟ್ಟಿಯಲ್ಲಿಲ್ಲ. ಇವು ಶುಶ್ರೂಷಾಲಯದ ಹೊಣೆ.

ಎರಡನೆಯ ನಿಯಮವೊಂದಿದೆ; ಹೆಚ್ಚಿನ ಗೊಂದಲ ಹುಟ್ಟುವುದು ಇಲ್ಲಿ. ಮೇಲೆ ಹೇಳಿದಂಥ ವಸ್ತುಗಳಿಗೆ ಮೆಡಿಕೇರಿನ ಭಾಷೆಯಲ್ಲಿ 'ಡಿ.ಎಂ.ಇ.' ಎಂದು ಹೆಸರು: ಮತ್ತೆ ಮತ್ತೆ ಬಳಸಿದರೂ ಬಾಳಿಕೆ ಬರುವ, ರೋಗಿಗೆ ಹೊರತು ಇತರರಿಗೆ ಉಪಯೋಗವಿಲ್ಲದ, ಮನೆಯಲ್ಲಿ ಬಳಸತಕ್ಕ ವೈದ್ಯಕೀಯ ಸಲಕರಣೆ. 'ಮನೆಯಲ್ಲಿ' ಎಂಬ ಪದದಲ್ಲಿಯೇ ಎಲ್ಲವೂ ಇದೆ. ಬಿ ಭಾಗವು ಮಂಜೂರಾದ ದರದಲ್ಲಿ ನೂರಕ್ಕೆ 80 ಕೊಡುವುದು, ರೋಗಿಯು 20 ಕೊಡುವುದು, ಇದೆಲ್ಲ ವಸ್ತುವನ್ನು ಮನೆಯಲ್ಲಿ ಬಳಸಿದಾಗ ಮಾತ್ರ. ಶುಶ್ರೂಷಾಲಯವು ಆ ಕಾಯಿದೆಯ ಪ್ರಕಾರ ಮನೆಯಲ್ಲ. ರೋಗಿಯು ಅಲ್ಲಿ ಐದು ವರ್ಷ ಇದ್ದರೂ ಅದು ಮನೆಯಾಗುವುದಿಲ್ಲ.

ಈಗ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಬ್ಬ ಅಜ್ಜಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಾಳೆ. ಶಸ್ತ್ರಚಿಕಿತ್ಸೆಯಾಗಿ, ಆಸ್ಪತ್ರೆಯಲ್ಲಿ ನಾಲ್ಕು ದಿನ ಒಳರೋಗಿಯಾಗಿದ್ದು, ಶುಶ್ರೂಷಾಲಯಕ್ಕೆ ಬಂದಿದ್ದಾಳೆ. ಆಕೆಗೆ ಗಾಲಿ ಕುರ್ಚಿ ಬೇಕು.

ಮೊದಲನೆಯ ಸಂದರ್ಭ: ಆಕೆಯ ವಾಸ ಎ ಭಾಗದ ಲೆಕ್ಕದಲ್ಲಿ ನಡೆಯುತ್ತಿದೆ. ಆಗ ಕುರ್ಚಿ ಒದಗಿಸಬೇಕಾದವರು ಶುಶ್ರೂಷಾಲಯದವರು. ಅಂಗಡಿಯವನು ಬಿ ಭಾಗಕ್ಕೆ ಬಿಲ್ಲು ಕಳಿಸಿದರೆ ಅದು ತಿರಸ್ಕೃತವಾಗಿ ಬರುತ್ತದೆ, ಬರಬೇಕಾದದ್ದೇ ನ್ಯಾಯ. ಒಂದು ವೇಳೆ ಕಣ್ತಪ್ಪಿ ಮಂಜೂರಾದರೆ, ದಿನದ ಮೊತ್ತದಲ್ಲಿ ಆಗಲೇ ಸಂದಾಯವಾದ ಕುರ್ಚಿಗೆ ಸರ್ಕಾರವು ಇನ್ನೊಮ್ಮೆ ಕೊಟ್ಟಂತಾಯಿತು. ಅಜ್ಜಿಯೂ ತನ್ನ ಪಾಲೆಂದು ನೂರಕ್ಕೆ 20ನ್ನು ಸುಮ್ಮನೆ ತೆತ್ತಂತಾಯಿತು.

ಎರಡನೆಯ ಸಂದರ್ಭ: 100 ದಿನ ಮುಗಿದವು, ಅಥವಾ ಅದಕ್ಕೆ ಮೊದಲೇ ಎ ಭಾಗದ ಸೌಲಭ್ಯ ನಿಂತಿತು. ಆದರೂ ಅಜ್ಜಿ ಅಲ್ಲಿಯೇ ಉಳಿದಿದ್ದಾಳೆ. ಸ್ನಾನ, ಊಟ ಮಾಡಿಸುವಷ್ಟು ಮಾತ್ರದ ಆರೈಕೆಗೆ ಮೆಡಿಕೇರ್ ಹಣ ಕೊಡುವುದಿಲ್ಲ. ಕೈಯಲ್ಲಿ ಇರುವವರು ಸ್ವಂತ ಹಣ ಕೊಡುತ್ತಾರೆ. ಇಲ್ಲದವರಿಗೆ ಕೇಂದ್ರವೂ ರಾಜ್ಯವೂ ಸೇರಿ ನಡೆಸುವ ಮೆಡಿಕೈಡ್ ಎಂಬ ಬೇರೆ ಯೋಜನೆ ಇದೆ. ಎ ಭಾಗ ನಿಂತಿತಲ್ಲ, ಇನ್ನು ಕುರ್ಚಿಯನ್ನು ಬಿ ಭಾಗಕ್ಕೆ ಬರೆಯಬಹುದು ಎಂದು ಹೊಸಬರು ಎಣಿಸುತ್ತಾರೆ. ಅದು ಆಗದು, ಏಕೆಂದರೆ ಶುಶ್ರೂಷಾಲಯ ಮನೆಯಲ್ಲ. ಸಾಮಾನ್ಯವಾದ ಕುರ್ಚಿ, ಮಂಚಗಳನ್ನು ಆಗಲೂ ಸಂಸ್ಥೆಯವರೇ ತಮ್ಮ ದಿನದ ದರದಲ್ಲಿ ಒದಗಿಸಬೇಕು. ಒಬ್ಬರ ಮೈಗೆಂದೇ ಮಾಡಿಸಿದ ಕುರ್ಚಿಯ ವಿಷಯದಲ್ಲಿ ಮೆಡಿಕೈಡಿನ ನಿಯಮವು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕೃತಕ ಕಾಲು, ಕೊಳವೆಯ ಮೂಲಕ ಕೊಡುವ ಆಹಾರ ಇವು ಡಿ.ಎಂ.ಇ. ಅಲ್ಲ, ಈ ಎರಡನೆಯ ಸಂದರ್ಭದಲ್ಲಿ ಅವುಗಳ ಬಿಲ್ಲು ಬಿ ಭಾಗಕ್ಕೆ ಹೋಗಬಹುದು. ಎಲ್ಲವನ್ನೂ ಒಂದೇ ಕಟ್ಟಿನಲ್ಲಿ ಕಟ್ಟಬಾರದು.

ಮೂರನೆಯ ಸಂದರ್ಭ ಸಂತೋಷದ್ದು: ಅಜ್ಜಿ ಮನೆಗೆ ಹೊರಟಿದ್ದಾಳೆ. ಮನೆಯಲ್ಲಿ ಬಳಸುವುದಕ್ಕಾಗಿ ಕುರ್ಚಿ ಬೇಕು; ಆಗ ಬಿ ಭಾಗಕ್ಕೆ ಬರೆಯುವುದು ಸರಿಯೇ. ಆಕೆಗೆ ಅದರ ಅಳತೆ ನೋಡಿ, ಬಳಸುವ ಅಭ್ಯಾಸ ಮಾಡಿಸುವ ಸಲುವಾಗಿ, ಬಿಡುಗಡೆಗೆ ಎರಡು ದಿನ ಮುಂಚೆ ಅಂಗಡಿಯವನು ಅದನ್ನು ಶುಶ್ರೂಷಾಲಯಕ್ಕೇ ತಂದುಕೊಡಬಹುದು. ಬಿಲ್ಲಿನಲ್ಲಿ ಮಾತ್ರ ಅವಳು ಮನೆಗೆ ಹೋದ ದಿನದ ತಾರೀಖನ್ನೇ ಹಾಕಬೇಕು. ಶುಶ್ರೂಷಾಲಯವು ತಾನು ಕೊಡಬೇಕಾದ ಕುರ್ಚಿಯನ್ನು ಉಳಿಸಿಕೊಳ್ಳುವುದಕ್ಕೆ ಈ ಎರಡು ದಿನದ ರಿಯಾಯಿತಿಯನ್ನು ಬಳಸುವಂತಿಲ್ಲ.

ಇಷ್ಟು ಕೇಳಿದ ಮೇಲೆ ನಿಮಗೇ ತಿಳಿದಿರಬೇಕು: ಪ್ರಶ್ನೆ ಕುರ್ಚಿಯದಲ್ಲ. ಕುರ್ಚಿ ಮೂರು ಕಡೆಯೂ ಒಂದೇ. ಆ ದಿನ ರೋಗಿಯು ಎಲ್ಲಿ ಮಲಗಿದ್ದಳು, ಯಾವ ಲೆಕ್ಕದಲ್ಲಿ ಮಲಗಿದ್ದಳು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದರೆ ಬಿಲ್ಲಿನ ಹಾದಿ ತಾನಾಗಿ ಕಾಣುತ್ತದೆ. ಹಣ ತಂದುಕೊಡುವ ಎಷ್ಟೋ ಕಚೇರಿಗಳಲ್ಲಿ ಈ ಎರಡು ಪ್ರಶ್ನೆಗಳನ್ನು ಕೇಳುವುದಕ್ಕೆ ಎರಡು ನಿಮಿಷ ಕೊಡುವುದಿಲ್ಲವೆಂಬುದೇ ದುಃಖ.

ಇದನ್ನು ಕೇಳದಿದ್ದರೆ ಏನಾಗುತ್ತದೆ? ಅಂಗಡಿಯವನ ಬಿಲ್ಲು ತಿರುಗಿ ಬರುತ್ತದೆ. ಅವನು ಶುಶ್ರೂಷಾಲಯವನ್ನು ಕೇಳಿದರೆ, "ನಾವು ತರಿಸಲಿಲ್ಲ, ವೈದ್ಯರು ಬರೆದುಕೊಟ್ಟದ್ದು" ಎನ್ನುತ್ತಾರೆ. ಆಗ ಸುಲಭವಾಗಿ ಸಿಗುವ ವಿಳಾಸ ಅಜ್ಜಿಯದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಇಬ್ಬರು ವ್ಯಾಪಾರಿಗಳ ತಕರಾರಿನ ಬಿಲ್ಲು ಅವಳ ಅಂಚೆಪೆಟ್ಟಿಗೆಗೆ ಹೋಗಿ ಬೀಳುತ್ತದೆ. ಆ ಕಾಗದವನ್ನು ಕಳಿಸುವ ಗುಂಡಿ ಒತ್ತಿದ ಬೆರಳು ನಮ್ಮ ಹುಡುಗನದೋ ಹುಡುಗಿಯದೋ ಆಗಿರುತ್ತದೆ. ಹೆದರಿದ ವೃದ್ಧರು ಎಷ್ಟೋ ವೇಳೆ ಕೇಳದೆಯೇ ಕೊಟ್ಟುಬಿಡುತ್ತಾರೆ. ಕಾಯಿದೆ ಮಾತ್ರ ಸ್ಪಷ್ಟವಾಗಿದೆ: ಮೆಡಿಕೇರ್ ಅಥವಾ ಮೆಡಿಕೈಡ್ ಹಣ ಕೊಟ್ಟಿರುವ ವಸ್ತುವಿಗೆ ಶುಶ್ರೂಷಾಲಯವು ನಿವಾಸಿಯ ಸ್ವಂತ ಹಣಕ್ಕೆ ಕೈ ಹಾಕುವಂತಿಲ್ಲ. ಅಂಥ ಬಿಲ್ಲು ಬಂದವರು ದೂರು ಕೊಡುವುದಕ್ಕೆ ಪ್ರತಿಯೊಂದು ರಾಜ್ಯದಲ್ಲಿಯೂ ಶುಶ್ರೂಷಾಲಯ ನಿವಾಸಿಗಳ ಪರವಾಗಿ ನಿಲ್ಲುವ 'ಓಂಬುಡ್ಸ್‌ಮನ್' ಅಧಿಕಾರಿ ಇದ್ದಾನೆ.

ಇನ್ನೊಂದು ಅಪಾಯವನ್ನು ತರುಣ ಮಿತ್ರರಿಗೆ ಒತ್ತಿ ಹೇಳಬೇಕಾಗಿದೆ. ಬಿಲ್ಲಿನಲ್ಲಿ ಸ್ಥಳವನ್ನು ತಿಳಿಸುವ ಒಂದು ಸಂಖ್ಯೆ ಇರುತ್ತದೆಯಲ್ಲವೆ? 31 ಎಂದರೆ ಸ್ಕಿಲ್ಡ್ ಶುಶ್ರೂಷಾಲಯ. 32 ಎಂದರೆ ಸಾಮಾನ್ಯ ಶುಶ್ರೂಷಾಲಯ. 12 ಎಂದರೆ ಮನೆ. 31 ಎಂದು ಬರೆದ ಗಾಲಿ ಕುರ್ಚಿಯ ಬಿಲ್ಲು ತಿರುಗಿ ಬಂದಾಗ, "12 ಹಾಕಿ ಮತ್ತೆ ಕಳಿಸು, ತಲೆ ಕೆಡಿಸಿಕೊಳ್ಳಬೇಡ" ಎಂದು ಮೇಲಿನವರು ಹೇಳಬಹುದು. ಸಂಖ್ಯೆ ಚಿಕ್ಕದು, ಮಾತು ಸುಳ್ಳು. ಅಜ್ಜಿ ಮನೆಯಲ್ಲಿಲ್ಲ. ಸರ್ಕಾರಕ್ಕೆ ಸುಳ್ಳು ಬಿಲ್ಲು ಕೊಡುವವರನ್ನು ಹಿಡಿಯುವುದಕ್ಕೆ ಅಮೆರಿಕದಲ್ಲಿ 1863ರಲ್ಲಿಯೇ, ಅಂತರ್ಯುದ್ಧದ ನಡುವೆ, ಸೈನ್ಯಕ್ಕೆ ಕೆಟ್ಟ ಸಾಮಾನು ಮಾರಿದವರ ಕಾರಣ ಒಂದು ಕಾಯಿದೆಯಾಯಿತು. ಇಂದು ಅದರ ಪ್ರಕಾರ ಆದ ನಷ್ಟದ ಮೂರರಷ್ಟನ್ನೂ, ಅದರ ಮೇಲೆ ಒಂದೊಂದು ಬಿಲ್ಲಿಗೂ ದಂಡವನ್ನೂ ವಸೂಲು ಮಾಡಬಹುದು. ತನಿಖೆ ಬಂದ ದಿನ, ಬಾಯಿಮಾತಿನಲ್ಲಿ ಅಪ್ಪಣೆ ಕೊಟ್ಟವರ ಹೆಸರು ಎಲ್ಲಿಯೂ ಇರುವುದಿಲ್ಲ. ಬದಲಾಯಿಸಿದವನ ಲಾಗಿನ್ ಸಂಖ್ಯೆ ಮಾತ್ರ ಇರುತ್ತದೆ. ಆದ್ದರಿಂದ ಅಂಥ ಅಪ್ಪಣೆಯನ್ನು ಬರಹದಲ್ಲಿ ಕೇಳಿರಿ. ವಿನಯದಿಂದಲೇ ಕೇಳಿರಿ. ಬರಹದಲ್ಲಿ ಕೊಡಲು ಹಿಂಜರಿಯುವ ಅಪ್ಪಣೆ ಎಂಥದೆಂದು ಬೇರೆ ಹೇಳಬೇಕಾಗಿಲ್ಲ.

ಹಾಗಾದರೆ ಸರಿಯಾದ ಕ್ರಮ ಯಾವುದು? ಬಿಲ್ಲು ಬರೆಯುವ ಮೊದಲು ರೋಗಿಯ ಅರ್ಹತೆಯ ದಾಖಲೆಯನ್ನು ತೆರೆದು, ಆ ತಾರೀಖಿನಲ್ಲಿ ಎ ಭಾಗದ ವಾಸ ಇತ್ತೆ ಎಂದು ನೋಡಬೇಕು. ಶುಶ್ರೂಷಾಲಯಕ್ಕೆ ಬಂದ ತಾರೀಖು, ಬಿಟ್ಟ ತಾರೀಖು, ವಸ್ತು ಕೊಟ್ಟ ತಾರೀಖು ಮೂರನ್ನೂ ಪಕ್ಕಪಕ್ಕದಲ್ಲಿ ಬರೆದುಕೊಳ್ಳಬೇಕು. ವಸ್ತುವು ಡಿ.ಎಂ.ಇ.ಯೋ, ಕೃತಕ ಅಂಗವೋ, ಹೊರಗಿನ ಪಟ್ಟಿಯದೋ ಎಂದು ಸಂಕೇತ ಸಂಖ್ಯೆಯಿಂದ ಗೊತ್ತುಮಾಡಬೇಕು. ಹೊಣೆ ಶುಶ್ರೂಷಾಲಯದ್ದಾದರೆ ಬಿಲ್ಲನ್ನು ಅಲ್ಲಿಗೇ ಕಳಿಸಬೇಕು. ದರದ ವಿಷಯ ಅಂಗಡಿಗೂ ಶುಶ್ರೂಷಾಲಯಕ್ಕೂ ಇರುವ ಕರಾರಿನದು. ರೋಗಿಯು ಮೆಡಿಕೇರಿನ ಬದಲಿಗೆ ಖಾಸಗಿ ಕಂಪನಿ ನಡೆಸುವ 'ಅಡ್ವಾಂಟೇಜ್' ಯೋಜನೆಯಲ್ಲಿದ್ದರೆ ಆ ಕಂಪನಿಯ ಕರಾರನ್ನು ನೋಡಬೇಕು. ನಾವು ಇಲ್ಲಿ ಹೇಳಿದ್ದು ಮೂಲ ಮೆಡಿಕೇರಿನ ಮಾತು.

ಮಕ್ಕಳು ಅಮೆರಿಕದಲ್ಲಿರುವ ಹಿರಿಯರಿಗೂ ಒಂದು ಮಾತು. ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡುವುದಕ್ಕೋ ಪ್ರವಾಸಿ ವೀಸಾದಲ್ಲಿ ಹೋಗುವ ತಂದೆತಾಯಿಗಳಿಗೆ ಮೆಡಿಕೇರ್ ಇಲ್ಲ. ಖಾಯಂ ವಾಸದ ಪರವಾನಗಿ ಪಡೆದವರೂ 65 ವರ್ಷ ದಾಟಿ, ಅಲ್ಲಿ ಎಡೆಬಿಡದೆ ಐದು ವರ್ಷ ಇದ್ದ ಮೇಲೆಯೇ ಕಂತು ತೆತ್ತು ಸೇರಬಹುದು. ಆದ್ದರಿಂದ ಹೊರಡುವ ಮೊದಲೇ ಪ್ರವಾಸದ ವಿಮೆ ಮಾಡಿಸಿ, ಆಸ್ಪತ್ರೆಯ ನಂತರದ ಶುಶ್ರೂಷೆಯೂ ಸಲಕರಣೆಯೂ ಅದರಲ್ಲಿ ಸೇರಿದೆಯೇ ಎಂದು ಓದಿಸಿಕೊಂಡು ನೋಡಿರಿ.

ಸೋದರ ಸೋದರಿಯರೆ, ಕೆಲಸಗಾರರ ಸಂಘವೆಂದರೆ ಸಂಬಳ, ರಜೆ, ಪಾಳಿಗಳಿಗಾಗಿ ಹೋರಾಡುವುದು ಮಾತ್ರವಲ್ಲ. ತಾನು ಮಾಡುವ ಕೆಲಸ ಇನ್ನೊಬ್ಬ ಬಡವನ ಜೇಬಿಗೆ ಕತ್ತರಿಯಾಗದಂತೆ ನೋಡಿಕೊಳ್ಳುವುದೂ ಕೆಲಸಗಾರನ ಮರ್ಯಾದೆಗೆ ಸೇರಿದ್ದು. ಬರುವ ತಿಂಗಳಿನಿಂದ ಭಾನುವಾರ ಸಂಜೆ ವಾಚನಾಲಯದಲ್ಲಿ ಒಂದು ಗಂಟೆ ಕಾಲ ಈ ಕೆಲಸದ ಅನುಭವಿಗಳು ಹೊಸಬರಿಗೆ ಪಾಠ ಹೇಳುವ ಏರ್ಪಾಡು ಮಾಡಿದ್ದೇವೆ. ತಿರುಗಿ ಬಂದ ಬಿಲ್ಲುಗಳ ಕಾರಣಗಳನ್ನು ಬರೆದುಕೊಂಡು ಬನ್ನಿರಿ. ರೋಗಿಗಳ ಹೆಸರು, ವಿವರಗಳನ್ನು ಮಾತ್ರ ಕಚೇರಿಯ ಹೊರಗೆ ತರಬೇಡಿರಿ. 12 ಹಾಕು ಎಂಬ ಅಪ್ಪಣೆಗೆ ಒಪ್ಪದೆ ತೊಂದರೆಗೆ ಸಿಕ್ಕಿದವರು ಸಂಕೋಚಪಡದೆ ಸಂಘದ ಕಾರ್ಯದರ್ಶಿಗಳನ್ನು ಕಾಣಿರಿ. ಅಂಥವರ ಹಿಂದೆ ಸಂಘವು ನಿಲ್ಲುತ್ತದೆ.